ಮನೆ ಇಬ್ಬರ ಹೆಸರಲ್ಲಿ, ಇಎಂಐ ಗಂಡನ ಖಾತೆಯಿಂದ. ಡಿವೋರ್ಸ್ ಆದರೆ ಯಾರಿಗೆ ಎಷ್ಟು?

ವಿಜಯನಗರದವಳು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ಮದುವೆಯಾಗಿ 13 ವರ್ಷ ಆಯಿತು. ಒಂದೂವರೆ ವರ್ಷದಿಂದ ಬೇರೆ ಬೇರೆ ಇದ್ದೇವೆ. ನಾನು ಮತ್ತು 9 ವರ್ಷದ ಮಗಳು ಫ್ಲಾಟಿನಲ್ಲಿ, ಅವರು ಅವರ ಅಣ್ಣನ ಮನೆಯಲ್ಲಿ. ಜಗಳ, ಪಂಚಾಯ್ತಿ ಎಲ್ಲ ಮುಗಿದು ಹೋಗಿದೆ. ಇಬ್ಬರೂ ಒಪ್ಪಿ ಡಿವೋರ್ಸ್ ತಗೊಳ್ಳುವುದು ಅಂತ ಮಾತಾಗಿದೆ. ಮಗಳು ನನ್ನ ಹತ್ತಿರ ಇರುತ್ತಾಳೆ, ಅದಕ್ಕೂ ತಕರಾರಿಲ್ಲ. ಈಗ ಎಲ್ಲ ನಿಂತಿರುವುದು ಮನೆ ಒಂದರ ಮೇಲೆ.

ಫ್ಲಾಟ್ ತಗೊಂಡಿದ್ದು 2015ರಲ್ಲಿ, 52 ಲಕ್ಷಕ್ಕೆ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ಸಾಲ 40 ಲಕ್ಷ, ಅದಕ್ಕೂ ಇಬ್ಬರೂ ಸಹಿ ಹಾಕಿದ್ದೇವೆ. ಉಳಿದ 12 ಲಕ್ಷದಲ್ಲಿ 7 ಲಕ್ಷ ಅವರ ಉಳಿತಾಯ, 5 ಲಕ್ಷ ನನ್ನ ಒಡವೆ ಮಾರಿದ ದುಡ್ಡು. ಅಮ್ಮ ಹಾಕಿದ್ದ ನಾಲ್ಕು ಬಳೆ, ಅವಲಕ್ಕಿ ಸರ, ಡಾಬು, ಎಲ್ಲ ಸೇರಿ 200 ಗ್ರಾಂ. ಇಎಂಐ 37 ಸಾವಿರ ಅವರ ಸಂಬಳದ ಖಾತೆಯಿಂದ ಹೋಗುತ್ತದೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ದಿನಸಿ, ಹಾಲು, ತರಕಾರಿ, ಮಗಳ ಫೀಸು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ಅತ್ತೆಯವರ ಔಷಧಿ, ಇಷ್ಟೂ ನನ್ನ ಸಂಬಳದಲ್ಲಿ ಆಗುತ್ತಿತ್ತು. ತಿಂಗಳ ಕೊನೆಗೆ ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ಈಗ ಅವರು ಹೇಳುವುದು, "ಹತ್ತು ವರ್ಷ ಇಎಂಐ ಕಟ್ಟಿದವನು ನಾನು, ಸ್ಟೇಟ್‌ಮೆಂಟ್ ತೆಗೆದು ನೋಡು, ನಿನ್ನ ದುಡ್ಡು ಎಲ್ಲಿದೆ? ನಿನ್ನ 5 ಲಕ್ಷಕ್ಕೆ ಇನ್ನೊಂದು ಲಕ್ಷ ಸೇರಿಸಿ ಕೊಡುತ್ತೇನೆ, ರಿಲೀಸ್ ಡೀಡ್‌ಗೆ ಸಹಿ ಹಾಕು." ಅಂದರೆ ಮನೆಯ ಮೇಲಿನ ನನ್ನ ಹಕ್ಕು ಬಿಟ್ಟುಕೊಡುವ ಪತ್ರ. ನಮ್ಮ ಅಪ್ಪ ಬೇರೆ, ಹೋಗಲಿ ಬಿಡಮ್ಮ, ನೆಮ್ಮದಿ ಮುಖ್ಯ ಅನ್ನುತ್ತಿದ್ದಾರೆ. ನಿಜವಾಗಿಯೂ ನನಗೆ ಸೇರಬೇಕಾದ್ದು ಇಷ್ಟೇನಾ?

ಮಲೆನಾಡ ಮಳೆ:
ಯಾವುದಕ್ಕೂ ಸಹಿ ಹಾಕಬೇಡಿ ಅಕ್ಕ. ಉಳಿದದ್ದು ಆಮೇಲೆ.

ಕರಿಕೋಟು:
ಮೇಡಂ, ನಾನು ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆಸುವವಳು. ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ, ಯಾಕೆಂದರೆ ಬರುವವರಲ್ಲಿ ಬಹಳ ಜನ ಇದನ್ನು ತಪ್ಪು ತಿಳಿದುಕೊಂಡಿರುತ್ತಾರೆ. ಡಿವೋರ್ಸ್ ಆದ ತಕ್ಷಣ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಶ್ವತ ಜೀವನಾಂಶಕ್ಕೆ 25ನೇ ಸೆಕ್ಷನ್ ಇದೆ. ಮದುವೆ ಸಮಯದಲ್ಲಿ ಇಬ್ಬರಿಗೂ ಅಂತ ಬಂದ ಉಡುಗೊರೆಗಳಿಗೆ 27ನೇ ಸೆಕ್ಷನ್ ಇದೆ. ಮದುವೆ ಆದಮೇಲೆ ದುಡಿದು ಕೊಂಡ ಮನೆಗೆ ಮಾತ್ರ ಕಾಗದದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಇದನ್ನು ಬದಲಿಸುವ ಮಸೂದೆ ಒಂದು 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು. ಲೋಕಸಭೆಯಲ್ಲಿ ಪಾಸಾಗುವ ಮೊದಲೇ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು.

ನಿಮ್ಮ ಅದೃಷ್ಟಕ್ಕೆ ನಿಮ್ಮ ಹೆಸರು ಕ್ರಯಪತ್ರದಲ್ಲೇ ಇದೆ. ನೀವು ಪಾಲು ಬೇಡುತ್ತಿಲ್ಲ, ಈಗಾಗಲೇ ಮಾಲೀಕರು. ಯಾರ ಪಾಲು ಎಷ್ಟು ಅಂತ ಪತ್ರದಲ್ಲಿ ಬರೆಯದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ನೋಡುತ್ತಾರೆ. ಯಾರು ಎಷ್ಟು ದುಡ್ಡು ಹಾಕಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇದ್ದರೆ ಆ ಪ್ರಮಾಣದಲ್ಲಿ, ಇಲ್ಲದಿದ್ದರೆ ಸಮ ಸಮ. ಅವರು ಸ್ಟೇಟ್‌ಮೆಂಟ್ ಹಿಡಿದುಕೊಂಡಿರುವುದು ಇದಕ್ಕೇ. ಆದರೆ 40 ಲಕ್ಷದ ಸಾಲ ತಂದವರು ಇಬ್ಬರೂ ಅಲ್ವಾ? ಅವರು ಕಟ್ಟದೆ ಬಿಟ್ಟಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೂ ಬರುತ್ತಿದ್ದರು. ಆ ಸಾಲದ ಹಣದಲ್ಲಿ ನಿಮ್ಮದೂ ಭಾಗ ಇದೆ ಅಂತ ಗಟ್ಟಿಯಾಗಿ ವಾದಿಸಬಹುದು.

ಒಡವೆ ಮಾರಿದ ಬಿಲ್ಲು, ಆ ದುಡ್ಡು ಬಿಲ್ಡರಿಗೆ ಹೋದ ಚೆಕ್ಕು ಇದ್ದರೆ ಈಗಲೇ ಹುಡುಕಿ ಇಡಿ. ಒಡವೆ ಸ್ತ್ರೀಧನ, ಪೂರ್ತಿ ನಿಮ್ಮದು. ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿದೆ.

ಗೊರಗುಂಟೆಪಾಳ್ಯ:
ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಾನು ಇನ್ನೊಂದು ಕಡೆಯಿಂದ ಬರೆಯುತ್ತೇನೆ. ನನ್ನದೂ ಡಿವೋರ್ಸ್ ಆಗಿದೆ. ಹೆಂಗಸರ ಹೆಸರಲ್ಲಿ ಸಾಲ ತಗೊಂಡರೆ ಬಡ್ಡಿ 0.05% ಕಡಿಮೆ ಅಂದರು ಅಂತ ಮನೆಯನ್ನು ಹೆಂಡತಿ ಹೆಸರಲ್ಲಿ ಮಾಡಿಸಿದೆ. ಕಂತು ಕಟ್ಟಿದ್ದು ನಾನು. ಓವರ್‌ಟೈಮ್ ಮಾಡಿ, ಎರಡು ಚೀಟಿ ಎತ್ತಿ, ಏಳು ವರ್ಷ ಕಟ್ಟಿದೆ. ಮದುವೆ ಮುರಿದಾಗ ಕಾಗದದಲ್ಲಿ ನನ್ನ ಹೆಸರೇ ಇರಲಿಲ್ಲ. ಕೋರ್ಟಿಗೆ ಹೋಗಿ ದುಡ್ಡು ನನ್ನದು ಅಂತ ರುಜುವಾತು ಮಾಡಲು ಇನ್ನೂ ಓಡಾಡುತ್ತಿದ್ದೇನೆ. ಇಎಂಐ ಕಟ್ಟುವವನ ಕಷ್ಟ ಸುಳ್ಳಲ್ಲ. ನಿಮ್ಮವರು ಹೇಳುವ 6 ಲಕ್ಷ ನ್ಯಾಯ ಅಂತ ನಾನು ಹೇಳಲ್ಲ, ಅದು ತಪ್ಪೇ. ಆದರೆ ಅವರು ಸುಮ್ನೆ ಹಟಕ್ಕೆ ಹೇಳುತ್ತಿಲ್ಲ, ಪ್ರತಿ ತಿಂಗಳು 5ನೇ ತಾರೀಖಿಗೆ ಆ ದುಡ್ಡು ಹೋಗುವುದನ್ನು ನೋಡಿದವರಿಗೆ ಮನೆ ನನ್ನದು ಅಂತ ನಿಜವಾಗಿ ಅನ್ನಿಸಿಬಿಡುತ್ತದೆ.

ಧಾರವಾಡದ ಅಕ್ಕ:
ಗೊರಗುಂಟೆಪಾಳ್ಯದ ಅಣ್ಣಾ, ನಿಮ್ಮ ಮಾತು ಅರ್ಥ ಆಗುತ್ತದೆ. ನಿಮಗೂ ಅನ್ಯಾಯ ಆಗಿದೆ. ಆದರೆ ಒಂದು ಕೇಳುತ್ತೇನೆ. ಆ 37 ಸಾವಿರ 5ನೇ ತಾರೀಖಿಗೆ ಖಾತೆಯಲ್ಲಿ ಉಳಿದದ್ದು ಹೇಗೆ? ಅಕ್ಕಿ ಬೇಳೆ, ಫೀಸು, ಔಷಧಿ ಎಲ್ಲ ಈ ತಂಗಿ ಕೊಟ್ಟಿದ್ದಕ್ಕೆ ಅಲ್ವಾ? ಅವರು ಕೊಟ್ಟ ದುಡ್ಡು ಗೋಡೆಯಾಗಿ ನಿಂತಿದೆ, ಇವಳು ಕೊಟ್ಟದ್ದು ಊಟವಾಗಿ ಕರಗಿ ಹೋಯಿತು. ಅದು ಲೆಕ್ಕಕ್ಕೆ ಇಲ್ಲ ಅಂದರೆ ಹೇಗೆ?

ತಂಗಿ, ಖರ್ಚು ಬರೆದಿಟ್ಟ ಪುಸ್ತಕ ಇದೆಯಾ? ಫೀಸು ಕಟ್ಟಿದ ರಸೀದಿ, ಫೋನಿನಲ್ಲಿ ದುಡ್ಡು ಕಳಿಸಿದ ದಾಖಲೆ, ಏನಿದ್ದರೂ ತೆಗೆದು ಇಡು. ಅಪ್ಪನ ಮಾತಿಗೆ ತಲೆ ಬಾಗಿಸಬೇಡ. ನೆಮ್ಮದಿ ಬೇಕು, ಆದರೆ ಬಾಡಿಗೆ ಕಟ್ಟಲು ದುಡ್ಡಿಲ್ಲದೆ ಯಾವ ನೆಮ್ಮದಿ?

ಕೌಂಟರ್ ನಂಬರ್ 4:
ನಾನು ಬ್ಯಾಂಕಿನಲ್ಲಿ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳಬೇಕು. ಮನೆಯ ಕಾಗದದಿಂದ ಹೆಸರು ತೆಗೆಸಿದರೆ ಸಾಲದಿಂದ ಹೆಸರು ಹೋಗುವುದಿಲ್ಲ. ಎರಡೂ ಬೇರೆ ಬೇರೆ. ರಿಲೀಸ್ ಡೀಡ್‌ಗೆ ಸಹಿ ಹಾಕಿದರೆ ಮನೆ ಅವರದಾಗುತ್ತದೆ, ಸಾಲ ಮಾತ್ರ ಇಬ್ಬರ ತಲೆಯ ಮೇಲೇ ಇರುತ್ತದೆ. ನಾಳೆ ಅವರು ಮೂರು ಕಂತು ತಪ್ಪಿಸಿದರೆ ನೋಟಿಸು ನಿಮಗೂ ಬರುತ್ತದೆ, ನಿಮ್ಮ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಬ್ಯಾಂಕುಗಳು ನೋಡುವ ಅಂಕ) ಬೀಳುತ್ತದೆ. ಆಮೇಲೆ ನೀವು ನಿಮ್ಮದೇ ಒಂದು ಸಣ್ಣ ಮನೆಗೆ ಸಾಲ ಕೇಳಿದರೆ ಈ ಹಳೇ ಸಾಲ ಅಡ್ಡ ಬರುತ್ತದೆ. "ಇನ್ನು ಮುಂದೆ ಸಾಲ ಗಂಡನೇ ಕಟ್ಟತಕ್ಕದ್ದು" ಅಂತ ಕೋರ್ಟಿನ ಡಿಕ್ರಿಯಲ್ಲಿ ಬರೆದಿದ್ದರೂ ಬ್ಯಾಂಕು ಆ ಕೇಸಿನಲ್ಲಿ ಪಾರ್ಟಿ ಅಲ್ಲ, ನಮ್ಮನ್ನು ಅದು ಕಟ್ಟಿಹಾಕುವುದಿಲ್ಲ.

ಒಬ್ಬರು ಮನೆ ಇಟ್ಟುಕೊಳ್ಳುವುದಾದರೆ ಅವರೊಬ್ಬರ ಸಂಬಳದ ಮೇಲೆ ಸಾಲ ಹೊಸದಾಗಿ ಮಂಜೂರಾಗಬೇಕು, ಅಥವಾ ಬೇರೆ ಬ್ಯಾಂಕಿಗೆ ವರ್ಗ ಆಗಬೇಕು. ಬ್ಯಾಂಕಿನಿಂದ ನಿಮ್ಮ ಹೆಸರು ಬಿಟ್ಟ ಪತ್ರ ಕೈಗೆ ಬರುವ ತನಕ ಯಾವ ಸಹಿಯೂ ಬೇಡ. ಇಂಥವರು ನಮ್ಮ ಕೌಂಟರಿಗೆ ಬಂದು ಅತ್ತು ಹೋಗಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು, ಸಾಲ ಈಗ ಎಷ್ಟು ಬಾಕಿ ಇದೆ? ಅದು ಗೊತ್ತಾಗದೆ ಲೆಕ್ಕವೇ ಶುರುವಾಗಲ್ಲ.

ವಿಜಯನಗರದವಳು:
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಬಾಕಿ 27 ಲಕ್ಷ ಇದೆ. ನಮ್ಮ ಬ್ಲಾಕಿನಲ್ಲೇ ಇದೇ ಅಳತೆಯ ಫ್ಲಾಟ್ ಮೊನ್ನೆ 95 ಲಕ್ಷಕ್ಕೆ ಹೋಯಿತು.

ಖರ್ಚಿನ ಪುಸ್ತಕ ಇದೆ ಅಕ್ಕ. ಪ್ರತಿ ವರ್ಷ ದಿನಸಿ ಅಂಗಡಿಯವರು ಕೊಡುವ ಡೈರಿಯಲ್ಲೇ ಬರೆಯುತ್ತಿದ್ದೆ, ಎಂಟು ಡೈರಿ ಬೀರುವಿನ ಕೆಳಗಿನ ಖಾನೆಯಲ್ಲಿ ಸಿಕ್ಕಿದವು. ನಿನ್ನೆ ರಾತ್ರಿ ತೆಗೆದು ಕೂತೆ. ಒಂದು ಡೈರಿಯ ಜೂನ್ ಪುಟದಲ್ಲಿ "ಅತ್ತೆ ಕಣ್ಣಿನ ಆಪರೇಷನ್ 22,000" ಅಂತಿದೆ. ಅದರ ಕೆಳಗೆ "ಫೀಸಿಗೆ ಅಮ್ಮನಿಂದ ಕೈಗಡ 8,000" ಅಂತ ಬರೆದಿದ್ದೇನೆ. ಈ ಕೈಗಡ ನನಗೇ ಮರೆತುಹೋಗಿತ್ತು.

ಕೌಂಟರ್ ನಂಬರ್ 4:
ಹಾಗಾದರೆ ಕೇಳಿ. 37 ಸಾವಿರದಂತೆ ಹತ್ತು ವರ್ಷ ಅಂದರೆ ಸುಮಾರು 45 ಲಕ್ಷ ಕಟ್ಟಿದ್ದಾರೆ. ಆದರೆ ಅಸಲು ಇಳಿದಿರುವುದು 13 ಲಕ್ಷ. ಉಳಿದದ್ದೆಲ್ಲ ಬಡ್ಡಿ. ಆ ಬಡ್ಡಿಯನ್ನು ನೀವಿಬ್ಬರೂ ಆ ಮನೆಯಲ್ಲಿ ಇದ್ದದ್ದಕ್ಕೆ ಕೊಟ್ಟ ಬಾಡಿಗೆ ಅಂದುಕೊಳ್ಳಿ. ಬಾಡಿಗೆ ಒಬ್ಬರು ಕೊಟ್ಟರು, ಊಟದ ಖರ್ಚು ಇನ್ನೊಬ್ಬರು ಕೊಟ್ಟರು. ಇನ್ನು ಮನೆ 52ರಿಂದ 95ಕ್ಕೆ ಏರಿತಲ್ಲ, ಆ 43 ಲಕ್ಷ ಯಾರೂ ದುಡಿದದ್ದಲ್ಲ. ಅದು ಮನೆಗೆ ಬಂದ ಬೆಲೆ, ಮನೆ ಇಬ್ಬರದು. 95ರಲ್ಲಿ ಸಾಲ 27 ಕಳೆದರೆ 68 ಲಕ್ಷ. ಅರ್ಧ 34. ಮಾತುಕತೆ ಶುರುವಾಗಬೇಕಾದದ್ದು ಇಲ್ಲಿಂದ, 6 ಲಕ್ಷದಿಂದ ಅಲ್ಲ.

ಮಲೆನಾಡ ಮಳೆ:
ಒಡವೆಗೆ ಬರೀ 5 ಲಕ್ಷ ವಾಪಸ್ ಅನ್ನುವುದೂ ಸರಿಯಲ್ಲ. ಆಗ ಚಿನ್ನ ಗ್ರಾಂಗೆ ಎರಡೂವರೆ ಸಾವಿರದ ಆಸುಪಾಸು ಇತ್ತು. ಇವತ್ತು ಅದೇ 5 ಲಕ್ಷ ಹಿಡಿದುಕೊಂಡು ಅಂಗಡಿಗೆ ಹೋದರೆ ಆ 200 ಗ್ರಾಂನಲ್ಲಿ ಕಾಲು ಭಾಗ ಕೂಡ ಬರಲ್ಲ. ಅವರ 7 ಲಕ್ಷ ಮನೆಯ ಜೊತೆ ಬೆಳೆಯಬೇಕು, ನಿಮ್ಮ ಬಳೆ ಮಾತ್ರ 2015ರಲ್ಲೇ ನಿಂತುಬಿಡಬೇಕಾ?

ಕಾಳಿ ನದಿ ದಂಡೆ:
ಕಾರವಾರದಿಂದ ಬರೆಯುತ್ತಿದ್ದೇನೆ. ನಮ್ಮ ಅಕ್ಕನನ್ನು ಗೋವಾಕ್ಕೆ ಕೊಟ್ಟಿದ್ದು, ಕಾಣಕೋಣಕ್ಕೆ. ಅಲ್ಲಿ ಈಗಲೂ ಪೋರ್ಚುಗೀಸರ 1867ರ ಸಿವಿಲ್ ಕೋಡ್ ನಡೆಯುತ್ತದೆ. ಮದುವೆಗೆ ಮೊದಲು ಬೇರೆ ಕರಾರು ಬರೆಸಿಕೊಂಡಿರದಿದ್ದರೆ ಗಂಡ ಹೆಂಡತಿಯ ಆಸ್ತಿ ಎಲ್ಲ ಒಂದೇ ರಾಶಿ, ಇಬ್ಬರಿಗೂ ಅರ್ಧ ಅರ್ಧ. ಗಂಡ ಮನೆ ಮಾರಬೇಕಾದರೂ ಹೆಂಡತಿಯ ಸಹಿ ಬೇಕು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಗಡಿಯ ಆಚೆ ಇರುವವಳಿಗೆ ಈ ಹಕ್ಕು ಹುಟ್ಟಿನಿಂದ ಬಂದ ಹಾಗೆ ಇದೆ, ಈಚೆ ಇರುವವಳು ಡೈರಿ ಹುಡುಕುತ್ತಾ ಕೂರಬೇಕು. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಬೇ ಏರಿಯಾ ಕನ್ನಡತಿ:
ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಮದುವೆಯಾದ ದಿನದಿಂದ ಬೇರೆಯಾದ ದಿನದವರೆಗೆ ದುಡಿದದ್ದು ಇಬ್ಬರದೂ. ಸಂಬಳ ಯಾರ ಖಾತೆಗೆ ಬಂತು ಅಂತ ಕೇಳುವುದಿಲ್ಲ. ನಾನು ಆರು ವರ್ಷ ಕೆಲಸ ಮಾಡುವ ವೀಸಾ ಇಲ್ಲದೆ ಮನೆಯಲ್ಲೇ ಇದ್ದವಳು, ಅವರ ರಿಟೈರ್‌ಮೆಂಟ್ ಖಾತೆಯಲ್ಲೂ ನನಗೆ ಅರ್ಧ ಬಂತು.

ಆದರೆ ಊರಲ್ಲಿ ಆಸ್ತಿ ಇರುವವರಿಗೆ ಒಂದು ಮಾತು. ನಮಗೆ ಮೈಸೂರಿನಲ್ಲಿ ಒಂದು ಸೈಟು ಇತ್ತು. ಇಲ್ಲಿನ ಕೋರ್ಟು ಅದನ್ನೂ ಲೆಕ್ಕಕ್ಕೆ ತಗೊಂಡು ನನಗೆ ಕೊಡಿ ಅಂತ ಬರೆಯಿತು. ಆ ಆರ್ಡರ್ ಹಿಡಿದುಕೊಂಡು ಊರಿಗೆ ಹೋದರೆ ಖಾತೆ ಬದಲಾಗಲ್ಲ. ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿ ಆಗಲೇಬೇಕು. ಅವರು ಬರಲು ಒಪ್ಪಲಿಲ್ಲ. ಕೊನೆಗೆ ಅವರ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿಯನ್ನು ಕಾನ್ಸುಲೇಟಿನಲ್ಲಿ ಮಾಡಿಸಿ ತಮ್ಮನಿಗೆ ಕಳಿಸಿದೆವು. ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಆಗಬೇಕು, ಇದನ್ನು ಮರೆಯಬೇಡಿ. ಇಷ್ಟಕ್ಕೇ ನನಗೆ ಎರಡು ವರ್ಷ ಹಿಡಿಯಿತು.

ದಾವಣಗೆರೆ ಬೆಣ್ಣೆ:
ಎಲ್ಲರೂ ಮನೆ, ಸಾಲ ಅಂತ ಬರೆದಿದ್ದೀರಿ. ನಾನು ಪಾತ್ರೆ ಬಗ್ಗೆ ಬರೆಯುತ್ತೇನೆ.

ನಾಲ್ಕು ವರ್ಷದ ಹಿಂದೆ ನಮ್ಮದು ಆಯಿತು. ಅವರ ಮನೆಯಿಂದ ಸಾಮಾನು ತರಲು ಹೋದಾಗ ಅವರ ಅಕ್ಕ ಅಟ್ಟದಿಂದ ಎಲ್ಲ ಪಾತ್ರೆ ಇಳಿಸಿ ಹಾಲ್ ತುಂಬಾ ಹರಡಿದ್ದರು. ಯಾವುದು ಯಾರದು ಅಂತ ಜಗಳ ಶುರುವಾಯಿತು. ಆಗ ನಮ್ಮ ಸೋದರಮಾವ ಒಂದು ಕೊಳಗ ತಿರುಗಿಸಿ ಅಂಚಿನ ಹತ್ತಿರ ಬೆರಳಿಟ್ಟರು. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ, ನನ್ನ ಹೆಸರು, ಮದುವೆ ತಾರೀಖು, ಕೊಟ್ಟವರ ಹೆಸರು. ಆಮೇಲೆ ಒಂದೊಂದೇ ಪಾತ್ರೆ ತಿರುಗಿಸಿ ಓದುತ್ತಾ ಹೋದೆವು. ಪರಾತ, ಕಡಾಯಿ, ನೀರಿನ ಕೊಡ, ಊಟದ ತಟ್ಟೆಗಳು. ಅಂಗಡಿಯಲ್ಲಿ ಐದು ನಿಮಿಷ ಕೂತು ಹೆಸರು ಕೊರೆಸಿದವರು ಇವತ್ತು ಇಲ್ಲ, ನಮ್ಮ ಅಜ್ಜಿ. 61 ಪಾತ್ರೆ ನನ್ನದು ಅಂತ ಯಾರೂ ಬಾಯಿ ತೆರೆಯದೆ ತೀರ್ಮಾನ ಆಯಿತು. ಹೆಸರಿಲ್ಲದ್ದು ಮಿಕ್ಸಿ, ಫ್ರಿಜ್, ಮಂಚ. ಅದಕ್ಕೆ ಇನ್ನೂ ಕೇಸು ನಡೆಯುತ್ತಿದೆ.

ಸಾಮಾನಿನ ಪಟ್ಟಿ ಮಾಡಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಲಾಕರ್ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ತೆರೆಯಿರಿ.

ಕರಿಕೋಟು:
ಪಾತ್ರೆಯ ಮಾತು ನೂರಕ್ಕೆ ನೂರು ಸರಿ. ಕೋರ್ಟಿನಲ್ಲಿ ಮದುವೆ ಆಲ್ಬಂ ಇಟ್ಟು ಕತ್ತಿನಲ್ಲಿರುವ ಸರ ಎಣಿಸಿದ್ದೂ ಇದೆ.

ವಿಜಯನಗರದ ಮೇಡಂ, ಈಗ ಕೆಲಸದ ವಿಷಯ. ನೀವು ಬೇರೆಯಾಗಿ ಒಂದೂವರೆ ವರ್ಷ ಆಗಿದೆ ಅಂದಿರಿ. ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಲು ಒಂದು ವರ್ಷ ಬೇರೆ ಇದ್ದರೆ ಸಾಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಅಂತಿದೆ. ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದು, ಮಗು, ಜೀವನಾಂಶ ಎಲ್ಲ ಇತ್ಯರ್ಥ ಆಗಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೊದಲು ಲೆಕ್ಕ ಮುಗಿಸಿ, ಆಮೇಲೆ ಅರ್ಜಿ.

ರಾಜಿ ಆಗದೆ ವಿಭಾಗದ ದಾವೆಗೆ ಹೋದರೂ ಫ್ಲಾಟಿಗೆ ಮಧ್ಯೆ ಗೋಡೆ ಎಬ್ಬಿಸಿ ಪಾಲು ಮಾಡಲು ಆಗಲ್ಲ. ಒಬ್ಬರು ಇನ್ನೊಬ್ಬರ ಪಾಲು ಕೊಳ್ಳಬೇಕು, ಇಲ್ಲ ಮಾರಿ ದುಡ್ಡು ಹಂಚಬೇಕು. ವರ್ಷಗಟ್ಟಲೆ ಅಲೆದು ಅಲ್ಲಿಗೇ ಬರುವುದು.

ರಾಜಿ ಪತ್ರದಲ್ಲಿ ಮನೆಯನ್ನು ಸುಮ್ನೆ ಒಂದು ಸಾಲಲ್ಲಿ ಬರೆಯಬೇಡಿ. ಅರ್ಜಿಯ ಷೆಡ್ಯೂಲಿನಲ್ಲಿ ಫ್ಲಾಟ್ ನಂಬರ್, ಖಾತಾ ನಂಬರ್, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಇರಲಿ. ಅವರೇ ಮನೆ ಇಟ್ಟುಕೊಳ್ಳುವುದಾದರೆ ಇನ್ನೊಂದು ಗಂಟು ಇದೆ. ಗಂಡ ಹೆಂಡತಿಯಾಗಿ ಇರುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ತೀರಾ ಕಡಿಮೆ. ಡಿಕ್ರಿ ಆದಮೇಲೆ ನೀವು ಒಂದೇ ಕುಟುಂಬ ಅಲ್ಲ, ಪಾಲಿನ ಬೆಲೆ ಮೇಲೆ ಕ್ರಯಕ್ಕೆ ಕೊಡುವ ಹಾಗೆ ಕೊಡಬೇಕು. ಅದಕ್ಕೇ ಅವರು ಈಗಲೇ ಸಹಿ ಹಾಕು ಅನ್ನುತ್ತಿರಬಹುದು. ಈಗಲೇ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಪೂರ್ತಿ ಹಣದ ಡಿಡಿ ಅದೇ ಮೇಜಿನ ಮೇಲೆ ಇರಬೇಕು.

ಅವರ ಪಿಎಫ್, ಮ್ಯೂಚುವಲ್ ಫಂಡ್, ಎಲ್‌ಐಸಿ, ಚೀಟಿ ಇವೆಲ್ಲ ಎಷ್ಟಿದೆ ಅಂತ ಗೊತ್ತಾ? ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಅಂತ 2020ರ ತೀರ್ಪು ಇದೆ. ರಾಜಿಯಲ್ಲೂ ಅದೇ ನಮೂನೆ ತುಂಬಿ ಕೊಡಿ ಅಂತ ಕೇಳಿ. ನಿಮ್ಮ ಮಗಳಿಗೂ ಒಂದು ಹಕ್ಕು ಇದೆ. ಅವರ ಕಡೆ ಪಿತ್ರಾರ್ಜಿತ ಜಮೀನು ಇದ್ದರೆ ಅದರಲ್ಲಿ ನಿಮಗೆ ಪಾಲಿಲ್ಲ, ಮಗಳಿಗೆ ಇದೆ. ಡಿವೋರ್ಸ್ ಆದರೂ ಅದು ಹೋಗಲ್ಲ. ರಾಜಿ ಪತ್ರದಲ್ಲಿ "ಮಗಳ ಎಲ್ಲ ಹಕ್ಕು ಬಿಟ್ಟುಕೊಡಲಾಗಿದೆ" ಅಂತ ಯಾರಾದರೂ ಸಾಲು ತೂರಿಸಿದರೆ ಹೊಡೆದು ಹಾಕಿಸಿ.

ವಕೀಲರ ಫೀಸಿಗೆ ಕಷ್ಟ ಇದ್ದರೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಗೊರಗುಂಟೆಪಾಳ್ಯ:
ಲೆಕ್ಕ ಓದಿದ ಮೇಲೆ ನನಗೂ ಕೆಲವು ವಿಷಯ ಬೇರೆ ಥರ ಕಾಣುತ್ತಿದೆ. ಮೇಡಂ, ಒಂದು ಸಲಹೆ. ಅವರ ಜೊತೆ ಕೂತಾಗ "ನೀನು ಏನೂ ಕಟ್ಟಿಲ್ಲ" ಅನ್ನುವ ಮಾತಿಗೆ ಉತ್ತರ ಕೊಡಲು ಹೋಗಬೇಡಿ. ಡೈರಿ ಮುಂದೆ ಇಡಿ, ಅವರೇ ಓದಲಿ. ನನಗೆ ಯಾರಾದರೂ ಹಾಗೆ ತೋರಿಸಿದ್ದರೆ ನಾನು ಇಷ್ಟು ದೂರ ಹೋಗುತ್ತಿರಲಿಲ್ಲ ಅನ್ನಿಸುತ್ತದೆ.

ವಿಜಯನಗರದವಳು (ನಾಲ್ಕು ತಿಂಗಳ ನಂತರ):
ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿ ಕೇಳಿದ್ದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ (ಕೌಟುಂಬಿಕ ನ್ಯಾಯಾಲಯ ಇರುವ ಕಟ್ಟಡ) ಮಧ್ಯಸ್ಥಿಕೆಗೆ ಮೂರು ಸಲ ಕೂತೆವು. ಮೊದಲ ದಿನ ಅವರು ಮಾತೇ ಆಡಲಿಲ್ಲ. ಎರಡನೇ ಸಲ ಎಂಟೂ ಡೈರಿ ತಗೊಂಡು ಹೋದೆ. ಗೊರಗುಂಟೆಪಾಳ್ಯದ ಅಣ್ಣ ಹೇಳಿದ ಹಾಗೆ ಏನೂ ಹೇಳದೆ ಮೇಜಿನ ಮೇಲೆ ಇಟ್ಟೆ. ಅವರು ಒಂದನ್ನು ತೆಗೆದು ಅಲ್ಲಲ್ಲಿ ಪುಟ ತಿರುಗಿಸಿದರು. ಕಣ್ಣಿನ ಆಪರೇಷನ್ ಪುಟದಲ್ಲಿ ನಿಂತರು. "ಇದು ನಾನು ಕೊಟ್ಟಿದ್ದೆ ಅಂದುಕೊಂಡಿದ್ದೆ" ಅಂದರು. ಅಷ್ಟೇ. ಆಮೇಲೆ 6 ಲಕ್ಷದ ಮಾತು ಬರಲಿಲ್ಲ.

ಮನೆ ಇಟ್ಟುಕೊಳ್ಳುವ ಆಸೆ ನನಗಿತ್ತು. ಆದರೆ ನನ್ನ ಸಂಬಳದಲ್ಲಿ 27 ಲಕ್ಷದ ಸಾಲವನ್ನೂ ಹೊತ್ತು ಅವರಿಗೆ 34 ಲಕ್ಷ ಕೊಡುವುದು ಆಗದ ಮಾತು. ಅವರೊಬ್ಬರ ಸಂಬಳದ ಮೇಲೆ ನನ್ನ ಪಾಲು ಕೊಡುವಷ್ಟು ಹೊಸ ಸಾಲವೂ ಸಿಗಲಿಲ್ಲ. ಹಾಗಾಗಿ ಮಾರುವುದು ಅಂತ ಆಯಿತು. 94 ಲಕ್ಷಕ್ಕೆ ಮಾತಾಗಿದೆ. ಕೊಳ್ಳುವವರ ಬ್ಯಾಂಕಿನಿಂದ ನಮ್ಮ ಸಾಲ ನೇರ ತೀರುತ್ತದೆ. ತೆರಿಗೆ ಎಷ್ಟು ಅಂತ ಆಡಿಟರ್ ಹತ್ತಿರ ಮೊದಲೇ ಲೆಕ್ಕ ಹಾಕಿಸಿದೆವು. ಹಳೇ ಲೆಕ್ಕದಲ್ಲಿ ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಉಳಿದ ಲಾಭಕ್ಕೆ 20%, ಹೊಸದರಲ್ಲಿ ಹಾಗೆ ಸೇರಿಸದೆ ಪೂರ್ತಿ ಲಾಭಕ್ಕೆ 12.5%, ನಮಗೆ ಹಳೆಯದೇ ಕಡಿಮೆ ಬಂತು. ಅದನ್ನೂ ಕಳೆದು ಉಳಿದದ್ದರಲ್ಲಿ ನನಗೆ 35 ಲಕ್ಷ, ಮಿಕ್ಕಿದ್ದು ಅವರಿಗೆ. ಒಡವೆಯ ಲೆಕ್ಕವೂ ಅದರಲ್ಲೇ ಸೇರಿದೆ. ಮಗಳ ಫೀಸು ಪದವಿ ಮುಗಿಯುವ ತನಕ ಅವರದು, ಇದು ರಾಜಿ ಪತ್ರದಲ್ಲಿ ಬೇರೆ ಸಾಲಾಗಿ ಇದೆ. ಪಿಎಫ್ ಮತ್ತು ಎಲ್‌ಐಸಿ ನಾಮಿನಿ ಇಬ್ಬರೂ ಬದಲಾಯಿಸಿದ್ದೇವೆ.

ನಿನ್ನೆ ಅಟ್ಟದ ಮೇಲಿನ ಪಾತ್ರೆ ಇಳಿಸಿದೆ. ದಾವಣಗೆರೆ ಅಕ್ಕ, ನಮ್ಮಲ್ಲೂ ಹೆಸರು ಕೊರೆಸಿದ್ದರು. ಮಗಳು ಕೂತು ಒಂದೊಂದೇ ಓದಿ ಪಟ್ಟಿ ಬರೆದಳು.

ಕ್ರಯದ ನೋಂದಣಿ ಮುಂದಿನ ತಿಂಗಳು 12ಕ್ಕೆ. ಅಷ್ಟರೊಳಗೆ ಬಾಡಿಗೆ ಮನೆ ಬೇಕು. ವಿಜಯನಗರ, ಅತ್ತಿಗುಪ್ಪೆ, ಹಂಪಿನಗರ ಕಡೆ ಎರಡು ರೂಮಿನ ಮನೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮಹಡಿ ಮೇಲಿದ್ದರೂ ಪರವಾಗಿಲ್ಲ, ಮಗಳು ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು.